ಬುತ್ತಿಯ ಹಿಂದೆ ಬಂದವರು

ಆ ಫೋಟೋದಲ್ಲಿ ನನ್ನ ಮುಖ ಕಾಣುವುದಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರನ ಕೈಯಿಂದ ಹಸಿರು ಚೀಲವೊಂದನ್ನು ಇಸಿದುಕೊಳ್ಳುತ್ತಿರುವ ಹೆಂಗಸಿನ ಬೆನ್ನು ಕಾಣುತ್ತದೆ, ಅಷ್ಟೇ. ಎಣ್ಣೆ ಕಾಣದ ಜಡೆ, ಮಾಸಿದ ದುಪಟ್ಟಾ, ಹಿಮ್ಮಡಿ ಸವೆದ ಚಪ್ಪಲಿ. ಕೆಳಗೆ ಒಂದೇ ಸಾಲು ಬರೆದಿದ್ದರು: 'ರೊಟ್ಟಿ ಮುಟ್ಟಿದವೇನ್ರಿ ಮೇಡಮ್ಮಾರ? ಮುರದಿಲ್ಲಲ್ಲ?'

ಬೈಗುಳ ನನಗೆ ಹೊಸದಲ್ಲ. ನನ್ನ ಅವ್ವ, ನನ್ನ ಜಾತಿ, ನನ್ನ ಮೈ, ಸತ್ತುಹೋದ ನನ್ನ ಅಪ್ಪ, ಯಾರನ್ನೂ ಬಿಡದೆ ಬೈದಿದ್ದರು. ಅವಕ್ಕೆಲ್ಲ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇದ್ದುಬಿಡುವುದನ್ನು ಕಲಿತಿದ್ದೆ. ಇದರಲ್ಲಿ ಒಂದು ಕೆಟ್ಟ ಶಬ್ದವೂ ಇರಲಿಲ್ಲ. ಓದಿದಾಗ ಹೆದರಿಕೆ ಬಂತು, ಸುಳ್ಳು ಯಾಕೆ ಹೇಳಲಿ. ಹೆದರಿಕೆ ಎರಡು ದಿನಕ್ಕೆ ಇಳಿಯಿತು. ಅದರ ಹಿಂದೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಮಾಧಾನದ ಬರಹ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬಹುದು.

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯವಳು. ಕೆಲವು ವರ್ಷ ಒಂದು ಪತ್ರಿಕೆಗೆ ತಾಲೂಕಿನ ಸುದ್ದಿ ಬರೆದೆ. ಆಮೇಲೆ ಮೊಬೈಲನ್ನೇ ಕ್ಯಾಮೆರಾ ಮಾಡಿಕೊಂಡು ನನ್ನದೇ ಒಂದು ಸಣ್ಣ ಚಾನೆಲ್ ಶುರು ಮಾಡಿದೆ. ಈರುಳ್ಳಿಯ ದರ, ಹೆಸರುಕಾಳು ಖರೀದಿ ಕೇಂದ್ರದ ಮುಂದಿನ ಸಾಲು, ಶಾಲೆಯ ಸೋರುವ ಮಾಳಿಗೆ, ಇಂಥವೇ ಸುದ್ದಿ. ಮಂದಿ ನೋಡುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ನನ್ನ ಧ್ವನಿ ಕೇಳಿಯೇ ತಿರುಗಿ, "ನೀವು ಆ ಸುದ್ದಿ ಹೇಳಾಕೆಲ್ಲೇನ್ರಿ?" ಎಂದು ಕೇಳುತ್ತಿದ್ದರು. ಆಗ ನನಗೆ ಹಿಗ್ಗಾಗುತ್ತಿತ್ತು.

ನಮ್ಮ ಕಡೆ ಎಲ್ಲಿ ಕೊರೆದರೂ ಸವುಳು ನೀರು. ಕುಡಿಯಲು ಕೆರೆಯೇ ಗತಿ. ಹೆಣ್ಣು ಕೊಡುವವರು ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಊರ ಕೆರೆ ಎಂಥದ್ದು ಎಂದು ಕೇಳುವ ಸೀಮೆ ಇದು. ಅಂಥ ಒಂದು ಕೆರೆಯ ಹೂಳು ತೆಗೆದಿದ್ದೇವೆಂದು ಬೋರ್ಡು ಹಾಕಿದ್ದರು. ತೆಗೆದದ್ದು ಹೂಳನ್ನಲ್ಲ, ಕೆರೆಯ ಏರಿಯನ್ನು. ಆ ಮಣ್ಣು ಟಿಪ್ಪರಿನಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುತ್ತಿತ್ತು. ನಾನು ಟಿಪ್ಪರಿನ ಹಿಂದೆಯೇ ಸ್ಕೂಟಿಯಲ್ಲಿ ಹೋಗಿ ವಿಡಿಯೋ ಮಾಡಿದೆ. ಯಾರ ಹೆಸರನ್ನೂ ಹೇಳಲಿಲ್ಲ, ಮಣ್ಣು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನಷ್ಟೇ ತೋರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಎಷ್ಟೋ ಹೆಗಲುಗಳು ಒಮ್ಮೆಲೇ ಎದ್ದವು.

ಮೊದಲು ಹೆಸರಿಲ್ಲದ ಖಾತೆಗಳಿಂದ ಬೈಗುಳ. ಆಮೇಲೆ ನನ್ನ ಮುಖ, ಬೇರೆ ಯಾರದೋ ಬತ್ತಲೆ ಮೈ. ಅದನ್ನು ಮಾಡಿದವರಿಗಿಂತ, ಅದನ್ನು ನೋಡಿ ಮುಂದಕ್ಕೆ ಕಳಿಸಿದ ನಮ್ಮೂರಿನ ಮರ್ಯಾದಸ್ಥರ ಮೇಲೆ ನನಗೆ ಹೆಚ್ಚು ಸಿಟ್ಟಿದೆ. 'ಪಾಪ, ಹಿಂಗ ಮಾಡಬಾರದಿತ್ತು' ಎಂದು ಬರೆದು, ಕೆಳಗೆ ಅದೇ ಚಿತ್ರ ಅಂಟಿಸಿ ಕಳಿಸಿದವರುಂಟು! ಒಂದು ಬೆಳಿಗ್ಗೆ ಎದ್ದರೆ ಚಾನೆಲ್ಲೇ ನನ್ನ ಕೈಯಲ್ಲಿರಲಿಲ್ಲ. ಕೆರೆಯ ವಿಡಿಯೋ ಅಳಿಸಿ, ನನ್ನ ಹೆಸರಿನಲ್ಲೇ ಹೊಲಸು ವಿಡಿಯೋ ಏರಿಸಿದ್ದರು. ಅದೇ ವಾರ ನನ್ನ ಸ್ಕೂಟಿಯ ಸೀಟು ಕೊಯ್ದು, ಒಳಗಿನ ಸ್ಪಂಜು ಕಿತ್ತು, ಅಲ್ಲಿ ಕೆರೆಯ ಹಸಿ ಮಣ್ಣು ತುಂಬಿಟ್ಟಿದ್ದರು.

ಆ ಮಣ್ಣನ್ನು ಅವ್ವನೇ ಕೈಯಿಂದ ಬಗೆದು ತೆಗೆದಳು. ತೆಗೆಯುತ್ತ, "ಸ್ವಲ್ಪ ದಿನಾ ಎಲ್ಲ್ಯರ ಹೋಗಿ ಇದ್ದು ಬಾರವ್ವಾ, ಇವರ ಗಾಳಿ ಇಳೀಲಿ," ಅಂದಳು.

ರೌಡಿಗಳನ್ನು ಗಡಿಪಾರು ಮಾಡುತ್ತಾರೆ. ಅದಕ್ಕೊಂದು ಆದೇಶ ಇರುತ್ತದೆ, ಇಂತಿಷ್ಟು ತಿಂಗಳು ಎಂಬ ಲೆಕ್ಕ ಇರುತ್ತದೆ, ಮೇಲಿನವರಿಗೆ ಅರ್ಜಿ ಹಾಕಬಹುದು. ನನ್ನ ಗಡಿಪಾರಿಗೆ ಸಹಿಯೂ ಇಲ್ಲ, ಅವಧಿಯೂ ಇಲ್ಲ. ಬೇರೆ ರಾಜ್ಯದ ಒಂದು ಊರಿಗೆ ಬಂದು, ಒಂದು ಖೋಲಿ ಹಿಡಿದು, ಅಂಗಡಿಗಳಿಗೆ ಕರಪತ್ರ ಬರೆದುಕೊಟ್ಟು ಹೊಟ್ಟೆ ಹೊರೆದೆ. ಊರಿನ ಹೆಸರನ್ನು ಈಗಲೂ ಬರೆಯುವುದಿಲ್ಲ. ಬರೆಯದಿರುವುದಕ್ಕೂ ನನಗೆ ಸಿಟ್ಟು ಬರುತ್ತದೆ.

ನನ್ನಂತೆ ಊರು ಬಿಟ್ಟ ಪತ್ರಕರ್ತರು ಆಗಾಗ ಫೋನಿನ ಪರದೆಯಲ್ಲಿ ಸೇರುತ್ತಿದ್ದೆವು. ಪಾಸ್‌ವರ್ಡ್ ಹೇಗಿಡಬೇಕು, ಯಾವ ಲಿಂಕು ಮುಟ್ಟಬಾರದು ಎಂದು ಬಲ್ಲವರು ಕಲಿಸುತ್ತಿದ್ದರು. ಅಲ್ಲಿ ದೇಶವನ್ನೇ ಬಿಟ್ಟು ಬಂದ ಒಬ್ಬರಿದ್ದರು, ವಯಸ್ಸಾದವರು. ಅವರು ಹರಕುಮುರುಕು ಹಿಂದಿಯಲ್ಲಿ ಹೇಳಿದ್ದು ನೆನಪಿದೆ. ತಾವು ತಾಯಿಯ ಜೊತೆ ಮಾತು ಬಿಟ್ಟು ಬಹಳ ಕಾಲವಾಯಿತಂತೆ. ನಮ್ಮನ್ನು ಹಿಡಿಯಲಾಗದಿದ್ದರೆ ನಮ್ಮ ಮನೆಯವರ ಫೋನಿಗೆ ಕೈ ಹಾಕುತ್ತಾರೆ, ತಾಯಿಗೆ ಏನೂ ಗೊತ್ತಿಲ್ಲದಿದ್ದರೆ ಕಿತ್ತುಕೊಳ್ಳಲೂ ಏನೂ ಇರುವುದಿಲ್ಲ ಎಂದರು. ಎಂಥ ಕಲ್ಲೆದೆ ಎಂದುಕೊಂಡೆ. ನನಗಂತೂ ಹದಿನೈದು ದಿನಕ್ಕೊಮ್ಮೆ ಅವ್ವನಿಂದ ಬುತ್ತಿ ಬರುತ್ತಿತ್ತು.

ಬುತ್ತಿ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಧಾರವಾಡದಲ್ಲಿ ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ಬೆಳಗಿನ ಬಸ್ಸಿಗೆ ರೊಟ್ಟಿ ಕಟ್ಟಿ ಕಳಿಸುವುದು ಎಷ್ಟೋ ಕಾಲದಿಂದ ನಡೆದಿದೆ. ಪಾವತಿ ಇಲ್ಲ, ರಸೀದಿ ಇಲ್ಲ. ಚೀಲ ಡ್ರೈವರನ ಹಿಂದೆ ಕೂತು ಬರುತ್ತದೆ, ಕಾಯುತ್ತಿರುವವರು ಬಂದು ಒಯ್ಯುತ್ತಾರೆ. ಚಿಲ್ಲರೆಗಾಗಿ ಊರೆಲ್ಲರ ಜೊತೆ ಜಗಳಾಡುವ ಕಂಡಕ್ಟರ್ ಕೂಡ "ಬುತ್ತಿ ಐತ್ರಿ" ಎಂದರೆ ಮೆತ್ತಗಾಗುತ್ತಾನೆ. ಕಳ್ಳನೂ ಬುತ್ತಿ ಮುಟ್ಟುವುದಿಲ್ಲ ಎಂಬುದು ನಮ್ಮ ಮಾತು. ನಾನೂ ಕಾಲೇಜು ಮುಗಿಸಿದ್ದು ಅದೇ ರೊಟ್ಟಿಯಲ್ಲಿ.

ಈಗ ಬಸ್ಸು ಬದಲಾಗಿತ್ತು, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯ ಅಂದರೆ ಕಾಕಾ, ಅಪ್ಪನ ತಮ್ಮ. ಅವ್ವ ಇರುವುದು ಕಾಕಾನ ಸಂಸಾರದ ಜೊತೆಗೇ. ಕಾಕಾ ಕಾಳುಕಡಿ ತೆಗೆದುಕೊಂಡು ಹುಬ್ಬಳ್ಳಿ ಮಾರುಕಟ್ಟೆಗೆ ಹೋಗುವಾಗ ಬುತ್ತಿಯನ್ನೂ ಒಯ್ದು, ನಾನಿರುವ ಊರಿನ ಬಸ್ಸಿಗೆ ಇಡುತ್ತಿದ್ದ. ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಬ್ಬವಿದ್ದರೆ ಮಾದಲಿ. ರೊಟ್ಟಿ ಮುರಿಯಬಾರದೆಂದು ಅವ್ವ ಅಪ್ಪನ ಹಳೆಯ ಧೋತರದಲ್ಲಿ ಸುತ್ತುತ್ತಿದ್ದಳು. ಕಾಕಾನ ಕೆಲಸ ಬಲು ಕಟ್ಟುನಿಟ್ಟು. ಬಸ್ಸಿನ ಮುಂದೆ ನಿಂತು, ಬೋರ್ಡು ಮತ್ತು ನಂಬರು ಎರಡೂ ಕಾಣುವಂತೆ ಫೋಟೋ ತೆಗೆದು, 'ಹೊಂಟೇತಿ' ಎಂದು ಬರೆದು ನನಗೆ ಕಳಿಸುತ್ತಿದ್ದ. ಯಾವ ಬಸ್ಸಿಗೆ ಕಾಯಬೇಕೆಂದು ನನಗೆ ತಿಳಿಯಲಿ ಎಂಬ ಕಾಳಜಿ. ನನ್ನ ಫೋನಿಗೆ ಬೀಗದ ಮೇಲೆ ಬೀಗ ಹಾಕಿಕೊಂಡಿದ್ದ ನನಗೆ, ಬುತ್ತಿಗೂ ಬೀಗ ಬೇಕು ಎಂದು ಹೊಳೆಯಲೇ ಇಲ್ಲ. ಹೊಳೆಯುವ ಅಗತ್ಯವಾದರೂ ಏನಿತ್ತು ಹೇಳಿ. ರೊಟ್ಟಿಯ ಮೇಲೆ ಕಣ್ಣು ಹಾಕುವ ಮಂದಿ ಹುಟ್ಟುತ್ತಾರೆಂದು ನಮ್ಮಲ್ಲಿ ಯಾರು ಎಣಿಸಿದ್ದರು?

ಬಸ್‌ಸ್ಟ್ಯಾಂಡಿನ ಆ ಫೋಟೋ ಬಂದ ಸಂಜೆ ನಾನು ಕಾಕಾನಿಗೆ ಫೋನ್ ಮಾಡಿದೆ.

"ಕಾಕಾ, ಇತ್ತಿತ್ತಲಾಗ ನಿನ್ನ ಫೋನಿನ್ಯಾಗ ಏನರ ಬಂದಿತ್ತೇನು? ಗೊತ್ತಿಲ್ಲದ್ದು ಏನರ ಒತ್ತಿದೇನು?"

"ನಾ ಏನ್ ಒತ್ತಲಿ ತಂಗಿ? ಒಂದು ಲಗ್ನಪತ್ರಿಕಿ ಬಂದಿತ್ತು, ಅದನ್ನ ಒತ್ತಿದ್ದೆ. ತೆರೀಲೇ ಇಲ್ಲ ಹಾಳಾದ್ದು."

"ಯಾರ ಲಗ್ನ?"

"ಅದ ತಿಳೀಲಿಲ್ಲ ನೋಡು. ನಂಬರ್ ಗುರ್ತಿಂದಲ್ಲ. ಗುಡಗೇರಿ ಬೀಗರ ಪೈಕಿ ಇರಬೇಕು ಅಂದ್ಕೊಂಡೆ. ಏನೇನೋ ಕೇಳ್ತು, ಹೂಂ ಹೂಂ ಅಂತ ಒತ್ತಿದೆ. ಈಗ ಲಗ್ನಾನೂ ಆಗಿಹೋಗಿರಬೇಕು. ಆಯಾರ ಮಾಡಲಿಲ್ಲ ಅಂತ ಏನ್ ತಿಳ್ಕೊಂಡಾರೋ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಲಗ್ನಪತ್ರಿಕೆಯನ್ನು ತೆರೆಯದೆ ಬಿಡುವುದೆಂದರೆ ಬಾಗಿಲಿಗೆ ಬಂದವರನ್ನು ಒಳಗೆ ಕರೆಯದೆ ಕಳಿಸಿದಂತೆ. ಮೊದಲು ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯುತ್ತಿದ್ದರು, ಈಗ ಫೋನಿಗೆ ಕಳಿಸುತ್ತಾರೆ. ಕಾಕಾ ಅಂಥ ಒಂದು ಕರೆಯನ್ನೂ ತಪ್ಪಿಸಿದವನಲ್ಲ. ಹೋಗಲಾಗದಿದ್ದರೆ ಯಾರ ಕೈಯಲ್ಲಾದರೂ ಉಡುಗೊರೆಯೆಂದು ಆಯಾರದ ಅರಿವೆ ಕಳಿಸುತ್ತಾನೆ. ಅದು ಗೊತ್ತಿದ್ದವರೇ ಆ ಪತ್ರಿಕೆ ಮಾಡಿ ಕಳಿಸಿದ್ದರು. ಕಂಪ್ಯೂಟರ್ ಬಲ್ಲವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ, ಆದರೆ ನಮ್ಮ ಕಾಕಾ ಲಗ್ನಪತ್ರಿಕೆಗೆ ಇಲ್ಲ ಅನ್ನುವುದಿಲ್ಲ ಎಂಬುದು ನಮ್ಮ ಸೀಮೆಯವರಿಗಷ್ಟೇ ಗೊತ್ತು. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ನಮ್ಮ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡವರೇ ಯಾರೋ ಅದನ್ನು ಹೇಳಿಕೊಟ್ಟಿದ್ದಾರೆ.

ಕಾಕಾನ ಫೋನಿನಲ್ಲಿ ಎಲ್ಲವೂ ಇತ್ತು. ಬಸ್ಸಿನ ಬೋರ್ಡು, ನಂಬರು, ಹೊರಟ ಹೊತ್ತು, ಬುತ್ತಿ ಮುಟ್ಟಿತು ಎಂದು ನಾನು ಕಳಿಸಿದ ಉತ್ತರ. ಅವರಿಗೆ ಉಳಿದ ಕೆಲಸವೆಂದರೆ ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಚಹಾ ಕುಡಿಯುವುದು.

ಠಾಣೆಗೆ ಹೇಳಲಿಲ್ಲವೇ ಎಂದು ಕೇಳುವವರಿದ್ದಾರೆ. ಹೇಳಿದೆ. ನಾನಿರುವ ಊರಿನವರು ನಿಮ್ಮ ಊರಿನಲ್ಲಿ ಹೇಳಿ ಅಂದರು. ನಮ್ಮ ಕಡೆಯ ಒಂದು ಠಾಣೆಗೆ ಫೋನ್ ಮಾಡಿ, ಫೋಟೋ ಕಳಿಸಿದೆ.

"ಇದರಾಗ ಮುಖಾನ ಕಾಣೂದಿಲ್ಲಲ್ರಿ," ಅಂದರು ಆ ಸಾಹೇಬರು. "ಇದು ನೀವ ಅಂತ ಹೆಂಗ ಹೇಳ್ತೀರಿ?"

"ನನ್ನ ಬೆನ್ನ ನನಗ ಗುರ್ತ ಹತ್ತೂದಿಲ್ಲೇನ್ರಿ?"

"ಬೆನ್ನ ಯಾರಿಗೆ ಕಾಣತೈತ್ರಿ?" ಎಂದು ನಕ್ಕರು. "ಅವರು ಏನ್ ಕೇಳ್ಯಾರ? ರೊಟ್ಟಿ ಮುಟ್ಟಿದವೇನು ಅಂತ ಕೇಳ್ಯಾರ. ಇದರಾಗ ಧಮಕಿ ಎಲ್ಲೈತಿ? ಬ್ಲಾಕ್ ಮಾಡ್ರಿ, ಆರಾಮ ಇರ್ರಿ. ಅಂದಂಗ ಲಗ್ನ ಆಗೇತೇನ್ರಿ ನಿಮಗ?"

ಫೋನು ಇಟ್ಟೆ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರಗಳು ಆಮೇಲೆ ಅಡಿಗೆ ಮಾಡುವಾಗ, ಬಟ್ಟೆ ಒಗೆಯುವಾಗ ಒಂದೊಂದಾಗಿ ಹೊಳೆದವು. ಇಲ್ಲಿ ಬರೆಯುವಂಥವಲ್ಲ.

ಖೋಲಿ ಬದಲಿಸಿದೆ. ಊರಿನ ಇನ್ನೊಂದು ತುದಿಗೆ ಹೋದೆ. ಬುತ್ತಿ ನಿಂತಿತು. ಕಾಕಾನ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿಸಿದೆವು. ಅವ್ವನದು ಹಳೆಯ ಗುಂಡಿ ಫೋನು, ಅದರೊಳಗೆ ಯಾರೂ ನುಗ್ಗಲಾರರು ಎಂದು ಧೈರ್ಯದಿಂದಿದ್ದೆ. ಹೊಸ ಮನೆ ಹೇಗಿದೆ ಎಂದು ಅವಳು ಕೇಳಿದಾಗ, ಊರಿನ ಯಾವ ಭಾಗ, ಯಾವ ಬೀದಿ, ಯಾವ ಗುಡಿಯ ಬಾಜೂಕ್ಕೆ, ಮಾಳಿಗೆಯ ಮೇಲಿನ ಖೋಲಿ ಎಂದೆಲ್ಲ ಹೇಳಿದ್ದೆ. ಗುಡಿ ಹತ್ತಿರ ಇದೆಯೆಂದರೆ ಅವಳಿಗೆ ಸಮಾಧಾನ.

ನುಗ್ಗಲಿಕ್ಕೆ ಫೋನಿನ ಬಾಗಿಲೇ ಆಗಬೇಕೆಂದೇನಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನನ್ನ ವಿಡಿಯೋಗಳಲ್ಲಿ ನನ್ನ ಧ್ವನಿ ರಾಶಿ ಬಿದ್ದಿತ್ತು. ಸುಗ್ಗಿಯ ಕಣದಿಂದ ಕಾಳು ಬಳಿದುಕೊಂಡಂತೆ ಅದನ್ನು ಬಳಿದು, ಯಂತ್ರಕ್ಕೆ ಉಣಿಸಿ, ನನ್ನ ಧ್ವನಿಯನ್ನೇ ಮಾಡಿಕೊಂಡರು. ಒಂದು ಮಧ್ಯಾಹ್ನ ಅವ್ವನಿಗೆ ಫೋನ್ ಬಂತು. ಆ ಕಡೆ ನಾನು ಅಳುತ್ತಿದ್ದೆ. ಅಪಘಾತವಾಗಿದೆ, ಮನೆಯ ವಿಳಾಸ ಹೇಳಲು ಬಾಯಿ ಬರುತ್ತಿಲ್ಲ, ಇಲ್ಲಿ ಆಸ್ಪತ್ರೆಯವರಿದ್ದಾರೆ, ಅವರಿಗೆ ಹೇಳು ಎಂದೆ. ಅವ್ವ ಗುಡಿಯ ಹೆಸರು ಹೇಳಿದಳು, ಬೀದಿಯ ಹೆಸರು ನೆನಪು ಮಾಡಿಕೊಂಡು ಹೇಳಿದಳು, ಮಾಳಿಗೆಯ ಮೇಲಿನ ಖೋಲಿ ಎಂದೂ ಹೇಳಿದಳು. ಆಮೇಲೆ ಒಬ್ಬ ಗಂಡಸು ಫೋನು ತೆಗೆದುಕೊಂಡು, "ಭಾಳ ಉಪಕಾರ ಆತ್ರಿ ಅವ್ವಾರ," ಎಂದನಂತೆ.

ಮರುದಿನ ನನ್ನ ಬಾಗಿಲ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಬಿಚ್ಚಿ ನೋಡಿದೆ. ಕರಿ ಮಣ್ಣು. ಈ ಊರಿನ ಮಣ್ಣು ಕೆಂಪು.

ಅವ್ವ ತಾನೇ ಫೋನ್ ಮಾಡಿದಳು. ಅಷ್ಟರಲ್ಲಿ ಕಾಕಾ ನನ್ನನ್ನು ವಿಚಾರಿಸಿ, ಅಪಘಾತ ಆಗಿಲ್ಲ ಎಂದು ಅವಳಿಗೆ ತಿಳಿಸಿದ್ದ.

"ನಾನ ಹೇಳಿಬಿಟ್ಟೆ ಯವ್ವಾ. ನನ್ನ ನಾಲಿಗಿ ಸೇದಿಹೋಗಲಿ. ನೀ ಟಿವ್ಯಾಗ ಮಾತಾಡಿದಂಗ ಮಾತಾಡಾಕತ್ತಿದ್ದಿ. ಪರಊರಾಗ ಇದ್ದು ಇದ್ದು ಮಾತು ಹಂಗ ಆಗೇತಿ ಅಂದ್ಕೊಂಡೆ. ಅಳಾಕತ್ತಿದ್ದೆಲ್ಲ, ನನಗ ಮತ್ತೇನೂ ಕೇಳಿಸಲಿಲ್ಲ."

"ಆಗ್ಲಿ ಬಿಡವ್ವಾ, ನಿಂದೇನ ತಪ್ಪೈತಿ," ಎಂದೆ. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಮಗಳು ಅಳುತ್ತಿರುವಾಗ ಗುರುತಿನ ಚೀಟಿ ಕೇಳುವ ತಾಯಿ ಎಲ್ಲಿದ್ದಾಳೆ? ಆದರೆ ಅವಳು ತನ್ನ ನಾಲಿಗೆಗೆ ಶಾಪ ಹಾಕಿಕೊಳ್ಳುವಂತೆ ಮಾಡಿದರಲ್ಲ, ಆ ಮಂದಿ ಎಲ್ಲಾದರೂ ಎದುರಿಗೆ ಸಿಕ್ಕರೆ ಕೈಗೆ ಬಂದದ್ದು ಎತ್ತಿ ಹೊಡೆಯುತ್ತೇನೆ. ಪತ್ರಕರ್ತೆ ಹೀಗೆ ಬರೆಯಬಾರದಂತೆ. ಬರೆದಿದ್ದೇನೆ.

ಮತ್ತೆ ಮನೆ ಬದಲಿಸಿದೆ. ಈ ಸಲ ಎಲ್ಲಿ ಎಂದು ಅವ್ವನಿಗೆ ಹೇಳಲಿಲ್ಲ. ದೇಶ ಬಿಟ್ಟು ಬಂದ ಆ ಹಿರಿಯರು ಆಗ ನೆನಪಾದರು. ಅವರದು ಕಲ್ಲೆದೆಯಾಗಿರಲಿಲ್ಲ. ಆದರೂ ಮಾತು ಬಿಡಲು ನನ್ನಿಂದಾಗಲಿಲ್ಲ. ಹೊಸ ಸಿಮ್ ಕೊಂಡು, ಆ ನಂಬರನ್ನು ಅವ್ವನ ಫೋನಿನಲ್ಲಿ 'ಹಾಲಿನಾಕಿ' ಎಂದು ಹಾಕಿಸಿದೆ. ಹಾಲಿನಾಕಿ ಎಂದು ಬಂದರೆ ಎತ್ತಬೇಕು. ಬೇರೆ ಯಾವ ನಂಬರಿನಿಂದ ಯಾರು ನನ್ನ ಬಗ್ಗೆ ಕೇಳಿದರೂ, ನನ್ನದೇ ಧ್ವನಿ ಬಂದರೂ, 'ನನಗೆ ಮಗಳು ಇಲ್ಲ' ಎಂದು ಹೇಳಿ ಇಟ್ಟುಬಿಡಬೇಕು. ಗುರುತಿಗೊಂದು ಗುಟ್ಟಿನ ಮಾತು ಇಟ್ಟುಕೊಳ್ಳೋಣ ಎಂದು ಕಾಕಾ ಸೂಚಿಸಿದ. ಬೇಡ ಎಂದೆ. ಒಮ್ಮೆ ಫೋನಿನಲ್ಲಿ ಆಡಿದ ಗುಟ್ಟು ಅವರ ಕಿವಿಗೂ ಬಿದ್ದಂತೆಯೇ. ಗುಟ್ಟು ಹೇಳಿದವಳೇ ಮಗಳು ಎಂದು ಅವ್ವ ಕಲಿತರೆ, ಮುಂದಿನ ಸಲ ಅವರು ಗುಟ್ಟನ್ನೇ ಹೇಳಿಕೊಂಡು ಬರುತ್ತಾರೆ.

ಕಷ್ಟವಾದದ್ದು ಅವ್ವನಿಗೆ ಆ ಮಾತು ಕಲಿಸುವುದು. ಅವ್ವನ ಬಾಯಲ್ಲಿ 'ಇಲ್ಲ' ಬರುವುದಿಲ್ಲ. ಹಿಟ್ಟಿನ ಡಬ್ಬಿ ಬರಿದಾದರೆ "ಹಿಟ್ಟು ತುಂಬೇತಿ" ಅನ್ನುತ್ತಾಳೆ. ದೀಪ ಆರಿಸು ಅನ್ನುವುದಿಲ್ಲ, "ದೊಡ್ಡದು ಮಾಡು" ಅನ್ನುತ್ತಾಳೆ. ಭಿಕ್ಷೆಗೆ ಬಂದವರಿಗೆ "ಮುಂದಕ ಹೋಗಪ್ಪಾ" ಅನ್ನುತ್ತಾಳೆ. ಮನೆಯಲ್ಲಿ ಕೂತು ಇಲ್ಲ ಇಲ್ಲ ಎನ್ನುತ್ತಿದ್ದರೆ ಮೇಲೆ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂಬುದು ಅವಳ ನಂಬಿಕೆ. ನಾನು ಸಣ್ಣವಳಿದ್ದಾಗ ಸಿಟ್ಟಿಗೆದ್ದು "ನನಗ ಯಾರೂ ಇಲ್ಲ" ಎಂದು ಕೂಗಿದ್ದಕ್ಕೆ, ಬಾಯಿ ತೊಳೆದುಕೊಂಡು ಬಾ ಎಂದು ಹಿತ್ತಲಿಗೆ ಅಟ್ಟಿದ್ದಳು.

"ಯಾರರ ಫೋನ್ ಮಾಡಿ ನಿನ್ನ ಮಗಳು ಎಲ್ಲದಾಳ ಅಂದ್ರ ಏನಂತಿ?"

"ಆರಾಮ ಅದಾಳ ಅಂತೇನಿ."

"ಅವ್ವಾ, ಹಂಗಲ್ಲ."

"ಹೊರಗ ಹೋಗ್ಯಾಳ ಅಂತೇನಿ."

"ಮಗಳ ಇಲ್ಲ ಅನಬೇಕು."

"ಅದನ್ನ ನಾ ಅನ್ನೂದಿಲ್ಲ ನೋಡು. ಬಿಡ್ತು ಅನ್ನು. ಒಬ್ಬಾಕಿ ಅದೀ ನೀನು. ಹೆತ್ತ ಬಾಯಿಲೆ ಹಂಗ ಅಂತಾರೇನು?"

"ಅನ್ನಲಿಲ್ಲ ಅಂದ್ರ ನಾ ಖರೇನ ಇರೂದಿಲ್ಲವ್ವಾ."

ಅದು ಹೇಳಬಾರದಾಗಿದ್ದ ಮಾತು. ಆಮೇಲೆ ಅವ್ವ ಬಾಯಿಪಾಠ ಒಪ್ಪಿಸುವ ಮಗುವಿನಂತೆ ಸಣ್ಣ ಧ್ವನಿಯಲ್ಲಿ, "ಮಗಳ ಇಲ್ಲ," ಅಂದಳು. ಅಂದವಳೇ, "ಶಿವಶಿವಾ," ಎಂದು ಕೆನ್ನೆ ಬಡಿದುಕೊಂಡದ್ದು ನನಗೆ ಕೇಳಿಸಿತು.

ಕೆಲವು ತಿಂಗಳು ಹಾಲಿನಾಕಿಯಾಗಿ ಬದುಕಿದೆ. ಅವ್ವ ಎಲ್ಲರೆದುರು, "ನಾಳಿಗಿ ಎರಡು ಲೀಟರ್ ಹಾಕವಾ," ಎಂದು ಜೋರಾಗಿ ಹೇಳಿ, ಹಿತ್ತಲಿಗೆ ಬಂದು ಮೆಲ್ಲಗೆ, "ಉಂಡೇನು?" "ಎಣ್ಣಿ ಹಚ್ಚಿಕೊಂಡೇನು?" ಎಂದು ವಿಚಾರಿಸುತ್ತಿದ್ದಳು. ನಾಟಕ ಅವಳಿಗೆ ರುಚಿಸತೊಡಗಿತ್ತು. ಹಾಲು ನೀರಾಗಿದೆ ಎಂದು ನನ್ನನ್ನು ಒಮ್ಮೊಮ್ಮೆ ಬೈಯುತ್ತಲೂ ಇದ್ದಳು.

ಪಂಚಮಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನನ್ನ ಸಿಮ್ ಸತ್ತಿತು. ಫೋನು ಕೆಟ್ಟಿರಲಿಲ್ಲ. ನನ್ನ ನಂಬರನ್ನೇ ಯಾರೋ ನನ್ನ ಹೆಸರಿನಲ್ಲಿ ಬೇರೆ ಸಿಮ್ಮಿಗೆ ಮಾಡಿಸಿಕೊಂಡಿದ್ದರು. ಹಾಲಿನಾಕಿ ಈಗ ಅವರ ಕೈಯಲ್ಲಿ ಬದುಕಿದ್ದಳು. ಪರಿಚಯದ ಒಬ್ಬರಿಂದ ಕಾಕಾನಿಗೆ ಹೇಳಿ ಕಳಿಸಿದೆ: ನಾನು ಮತ್ತೆ ತಿಳಿಸುವವರೆಗೆ ಯಾವ ನಂಬರಿನಿಂದ ಬಂದರೂ ಅವ್ವ ನಂಬಬಾರದು, ಹಾಲಿನಾಕಿಯನ್ನೂ.

ನಮ್ಮ ಕಡೆ ನಾಗರ ಪಂಚಮಿಗೆ ಮುಂಚೆ ರೊಟ್ಟಿ ಪಂಚಮಿ. ಎಲ್ಲರ ಮನೆಯಲ್ಲೂ ರೊಟ್ಟಿ, ನಾಲ್ಕಾರು ಪಲ್ಯ, ಚಟ್ನಿ ಮಾಡಿ, ನೆರೆಮನೆಗಳಿಗೆ ಬೀರುತ್ತಾರೆ. ಕೊಟ್ಟ ಹೆಣ್ಣುಮಕ್ಕಳು, ದೂರ ಇರುವ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ ಕಟ್ಟಿರುತ್ತಾರೆ. ಆ ದಿನ ಒಂದು ಮನೆಯ ರೊಟ್ಟಿ ಇನ್ನೊಂದು ಮನೆಯ ತಾಟಿನಲ್ಲಿ ಇಲ್ಲದಿದ್ದರೆ ಊರಿಗೆ ಊರೇ ಉಂಡಂತೆ ಅಲ್ಲ. ಬೆಳಗಿನಿಂದ ನನಗೆ ತಡೆಯಲಾಗಲಿಲ್ಲ. ಮನೆಯೊಡತಿಯ ಫೋನು ಕೇಳಿ ತೆಗೆದುಕೊಂಡು, ಬಾಯಿಪಾಠವಿದ್ದ ಅವ್ವನ ನಂಬರು ಒತ್ತಿದೆ. ಏನು ಮಾತಾಡಬೇಕೆಂದು ಯೋಚಿಸಿರಲಿಲ್ಲ. ಸದ್ದು ಕೇಳಿದರೆ ಸಾಕಿತ್ತು.

ಸದ್ದು ಕೇಳಿತು. ಪಡಸಾಲೆಯಲ್ಲಿ ಹೆಂಗಸರ ನಗು, ಹಿಟ್ಟು ನಾದುವ ಕೊಣಮಿಗೆಯಲ್ಲಿ ರೊಟ್ಟಿ ಬಡಿಯುವ ಪಟಪಟ.

"ಯಾರ್ರೀ?" ಅಂದಳು ಅವ್ವ.

"ಅವ್ವಾ, ನಾನು."

ಪಟಪಟ ನಿಂತಿತು.

"ನಾನು ಅಂದ್ರ ಯಾರು?"

"ನಾನವ್ವಾ. ನಿನ್ನ ಮಗಳು."

"ನನಗ ಮಗಳ ಇಲ್ಲ," ಅಂದಳು ಅವ್ವ. ಗಟ್ಟಿಯಾಗಿ, ಎಲ್ಲಿಯೂ ನಡುಗದೆ, ಹಬ್ಬದ ದಿನ, ಉರಿಯುವ ಒಲೆಯ ಮುಂದೆ, ನೆರೆದ ಹೆಂಗಸರೆಲ್ಲರ ಎದುರು. "ಫೋನ್ ಇಡು."

ಇಡು ಎಂದಳು, ತಾನು ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಅವಳ ಬಲಗೈ ಮಣಿಕಟ್ಟಿನಲ್ಲಿ ಹಂಚು ತಾಗಿದ ಕಲೆ ಇದೆ. ಅದು ಹೇಗಾಯಿತು, ಆಗ ಅವಳು ಅಪ್ಪನಿಗೆ ಏನೆಂದು ಬೈದಳು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅದೊಂದು ಮಾತು ಆಡಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ, ಇಷ್ಟು ಕಷ್ಟಪಟ್ಟು ಕಲಿಸಿದ್ದನ್ನು ನಾನೇ ಕೆಡಿಸಿದಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಫೋನು ಇಟ್ಟೆ. ತಾಯಿ ಸಿಕ್ಕರೇ ಎಂದು ಮನೆಯೊಡತಿ ಕೇಳಿದಳು. ಸಿಕ್ಕಳು, ಆರಾಮ ಇದ್ದಾಳೆ ಎಂದೆ.

ಚಾನೆಲ್ ಕದ್ದರು, ಕದಿಯಲಿ. ಚಿತ್ರ ಕೆಡಿಸಿದರು, ಊರು ಬಿಡಿಸಿದರು, ರೊಟ್ಟಿ ನಿಲ್ಲಿಸಿದರು. ಅವಕ್ಕೆಲ್ಲ ಎಂದಾದರೂ ಲೆಕ್ಕ ಚುಕ್ತಾ ಮಾಡಬಹುದೇನೋ. ಬರಿದಾದ ಹಿಟ್ಟಿನ ಡಬ್ಬಿಗೂ ಇಲ್ಲ ಎನ್ನದ ಹೆಂಗಸಿನ ಬಾಯಿಂದ ಆ ಮಾತು ಹೊರಡಿಸಿದ್ದನ್ನು ನಾನು ಸಾಯುವತನಕ ಕ್ಷಮಿಸುವುದಿಲ್ಲ.

ಹೊಸ ನಂಬರು ಮಾಡಿಕೊಂಡು ಕಾಕಾನ ಜೊತೆ ಮಾತಾಡಿದ್ದು ಕೆಲವು ದಿನಗಳ ಮೇಲೆ.

"ಪಂಚಮಿ ದಿನಾ ಅವರು ಮತ್ತ ನಿನ್ನ ಧ್ವನಿಲೆ ಫೋನ್ ಮಾಡಿದ್ರು ನೋಡು," ಅಂದ ಕಾಕಾ. "ನಿಮ್ಮವ್ವ ಸರೀ ಉತ್ತರ ಕೊಟ್ಟಳು. ನಾ ಶಾಬಾಸ್ ಅಂದೆ."

"ಕಾಕಾ, ಅದು ನಾನ ಇದ್ದೆ."

ಕಾಕಾ ಹೇಳಿದ.

"ಆಕಿಗೆ ಗೊತ್ತಿತ್ತು ತಂಗಿ, ನಾನ ನಂಬಲಿಲ್ಲ. ಫೋನ್ ಇಟ್ಟ ಮ್ಯಾಲೆ ಆಕೀನ ಅಂದಳು. 'ಇದು ಯಂತ್ರ ಅಲ್ಲ, ನಮ್ಮ ಹುಡುಗೀನ. ಯಂತ್ರ ಅಳತೈತಿ, ನಮ್ಮಾಕಿ ಫೋನಿನ್ಯಾಗ ಅಳೂದಿಲ್ಲ' ಅಂದಳು. ಮತ್ತ್ಯಾಕ ಹಂಗಂದಿ ಅಂತ ಕೇಳಿದೆ. 'ಆಕೀನ ಅನ್ನಂತ ಹೇಳ್ಯಾಳಲ್ಲ' ಅಂದು, ಎದ್ದು ಬಾಯಿ ತೊಳಕೊಳ್ಳಾಕ ಹಿತ್ತಲಕ ಹೋದಳು."